ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಕೂಡಲೇ ಬಿಪಿ ಬೀಳುವುದೇಕೆ? ಬೀಳದ ಹಾಗೆ ಎಂತ ಮಾಡ್ತಾರೆ?

ಸಿಸೇರಿಯನ್ ಆದ ಹೆಂಗಸರನ್ನು ಕೂರಿಸಿಕೊಂಡು "ಆಪರೇಷನ್ ಹೇಗಿತ್ತು?" ಅಂತ ಕೇಳಿ ನೋಡಿ. ಕೊಯ್ದದ್ದು, ಹೊಲಿಗೆ ಹಾಕಿದ್ದು ಹೆಚ್ಚಿನವರಿಗೆ ಅಷ್ಟಾಗಿ ನೆನಪಿರುವುದಿಲ್ಲ. ನೆನಪಿರುವುದು ಬೇರೆಯೇ. "ಬೆನ್ನಿಗೆ ಇಂಜೆಕ್ಷನ್ ಕೊಟ್ರು, ಮಲಗಿಸಿದ್ರು. ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸಿ ಬಂತು, ಕಣ್ಣು ಕತ್ತಲೆ ಕಟ್ಟಿತು, ಜೀವ ಹೋಯ್ತು ಅಂತಲೇ ಅನಿಸ್ತು" ಅನ್ನುವವರು ನಿಮ್ಮ ಮನೆಯಲ್ಲೂ ಒಬ್ಬರಾದರೂ ಇರಬಹುದು.

ಇದು ಹೆದರಿಕೆಯಿಂದ ಆದದ್ದು ಅಂತ ಮನೆಯ ಹಿರಿಯರು ಹೇಳಿಬಿಡುತ್ತಾರೆ. ಹೆದರಿಕೆಯೂ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಹೆಚ್ಚಿನ ಸಲ ಅದರ ನಿಜವಾದ ಕಾರಣ ಬಿಪಿ ಬೀಳುವುದು. ಬೀಳುತ್ತದೆ ಅಂತ ಡಾಕ್ಟರುಗಳಿಗೆ ಮೊದಲೇ ಗೊತ್ತಿರುತ್ತದೆ. ಮೊದಲೇ ಗೊತ್ತಿರುವುದರಿಂದ ಅದನ್ನು ತಡೆಯುವ ದಾರಿಯೂ ಉಂಟು. ಈ ಲೇಖನ ಅದರ ಬಗ್ಗೆ.

ನಾನು ಡಾಕ್ಟರ್ ಅಲ್ಲ, ಪರ್ಕಳದಲ್ಲಿ ಕೂತು ಕೋಡ್ ಬರೆಯುವವನು. ಅಕ್ಕನ ಎರಡನೇ ಹೆರಿಗೆ ಹತ್ತಿರ ಬಂದಾಗ ಅವಳ ಹೆದರಿಕೆಗೆ ಉತ್ತರ ಹುಡುಕುತ್ತಾ ಓದಿದ್ದು, ಡಾಕ್ಟರುಗಳನ್ನು ಕೇಳಿ ತಿಳಿದದ್ದು ಇಲ್ಲಿದೆ. ಓದಿ, ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ಅವರು ಹೇಳಿದ್ದೇ ಅಂತಿಮ.

ಯಾಕೆ ಇದು ಎಲ್ಲರ ವಿಷಯ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆಗಳು ಸಿಸೇರಿಯನ್. ಅದರ ಹಿಂದಿನ, ಅಂದರೆ 2015-16ರ ಸಮೀಕ್ಷೆಯಲ್ಲಿ ಇದು 23.6 ಇತ್ತು. ಮೂರರಲ್ಲಿ ಒಂದು ಅಂತಲೇ ಇಟ್ಟುಕೊಳ್ಳಿ. ಸಿಸೇರಿಯನ್ ಜಾಸ್ತಿಯಾಯ್ತಾ, ಬೇಕಿತ್ತಾ ಅನ್ನುವುದು ಬೇರೆ ಚರ್ಚೆ. ಆದದ್ದಂತೂ ಆಗುತ್ತಿದೆ, ಮತ್ತು ಅದರಲ್ಲಿ ಬಹುಪಾಲು ನಡೆಯುವುದು ಬೆನ್ನಿಗೆ ಕೊಡುವ ಇಂಜೆಕ್ಷನ್‌ನಲ್ಲಿ, ಅಂದರೆ ಸ್ಪೈನಲ್ ಅನೆಸ್ತೇಷಿಯಾದಲ್ಲಿ.

ಪೂರ್ತಿ ಮಂಪರು ಬರಿಸುವುದಕ್ಕಿಂತ ಇದು ಒಳ್ಳೆಯದು ಅನ್ನುವುದಕ್ಕೆ ಗಟ್ಟಿ ಕಾರಣಗಳುಂಟು. ತುಂಬು ಬಸುರಿಯ ಗಂಟಲು, ಶ್ವಾಸನಾಳದ ಬಾಯಿ ಊದಿಕೊಂಡಿರುತ್ತದೆ. ಉಸಿರಿನ ಕೊಳವೆ ಹಾಕುವುದು ಕಷ್ಟ ಆಗಬಹುದು. ಹೊಟ್ಟೆಯಲ್ಲಿ ಇದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಹೆಚ್ಚು. ಬೆನ್ನಿನ ಇಂಜೆಕ್ಷನ್‌ನಲ್ಲಿ ಈ ತೊಂದರೆಗಳು ತಪ್ಪುತ್ತವೆ. ಮಗುವಿಗೆ ತಲುಪುವ ಮದ್ದು ತೀರಾ ಕಡಿಮೆ. ತಾಯಿ ಎಚ್ಚರವಿದ್ದು ಮಗುವಿನ ಮೊದಲ ಅಳು ಕೇಳುತ್ತಾಳೆ.

ಹಾಗಾಗಿ ಸ್ಪೈನಲ್ ಬೇಡ ಅನ್ನುವುದು ಉತ್ತರ ಅಲ್ಲ. ಅದರ ಜೊತೆ ಬರುವ ಒಂದು ತೊಂದರೆಯನ್ನು ಹೇಗೆ ನಿಭಾಯಿಸುವುದು ಅನ್ನುವುದೇ ಪ್ರಶ್ನೆ.

ಎರಡು ಎಂಎಲ್ ಮದ್ದು ಮಾಡುವ ಕೆಲಸ

ಬೆನ್ನುಹುರಿ ನಾವು ಅಂದುಕೊಂಡಷ್ಟು ಕೆಳಗಿನವರೆಗೆ ಇರುವುದಿಲ್ಲ. ದೊಡ್ಡವರಲ್ಲಿ ಅದು ಸೊಂಟದ ಮೊದಲನೇ ಮೂಳೆಯ ಆಸುಪಾಸಿನಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಸಾಮಾನ್ಯವಾಗಿ ಮೂರನೇ ಮತ್ತು ನಾಲ್ಕನೇ ಮೂಳೆಯ ನಡುವೆ. ಅಲ್ಲಿ ಇರುವುದು ನೀರಿನಂಥ ದ್ರವ ಮತ್ತು ಅದರಲ್ಲಿ ತೇಲುವ ನರಗಳ ಎಳೆಗಳು. "ಬೆನ್ನುಹುರಿಗೇ ಚುಚ್ಚುತ್ತಾರೆ" ಅನ್ನುವ ಹೆದರಿಕೆ ಇದ್ದರೆ ಬಿಟ್ಟುಬಿಡಿ.

ಆ ದ್ರವಕ್ಕೆ ಬುಪಿವಕೇನ್ ಎಂಬ ಮದ್ದನ್ನು ಸುಮಾರು ಎರಡು ಎಂಎಲ್‌ನಷ್ಟು ಬಿಡುತ್ತಾರೆ. ಚಮಚದ ಅರ್ಧವೂ ಇಲ್ಲ. ಅದರಲ್ಲಿ ಸಕ್ಕರೆ ಅಂಶ ಸೇರಿಸಿ ಭಾರ ಮಾಡಿರುತ್ತಾರೆ, ಅದಕ್ಕೇ ಥಿಯೇಟರಿನಲ್ಲಿ ಅದನ್ನು 'ಹೆವಿ' ಅಂತ ಕರೆಯುವುದು. ಮಲಗಿಸಿದಾಗ ಅದು ಬೆನ್ನಿನ ಬಾಗಿಗೆ ತಕ್ಕ ಹಾಗೆ ಹರಡುತ್ತದೆ.

ಕೊಯ್ಯುವುದು ಹೊಕ್ಕುಳಿನ ಕೆಳಗೆ. ಆದರೆ ಮರಗಟ್ಟುವಿಕೆ ಎದೆಯ ಮಟ್ಟದವರೆಗೆ ಏರಬೇಕು. ಯಾಕೆಂದರೆ ಹೊಟ್ಟೆಯೊಳಗಿನ ಪೊರೆ, ಗರ್ಭಕೋಶ ಇವುಗಳ ನೋವಿನ ಸುದ್ದಿ ಒಯ್ಯುವ ನರಗಳು ಬೆನ್ನುಹುರಿಯನ್ನು ಸೇರುವುದು ಮೇಲಿನ ಭಾಗದಲ್ಲಿ. ಸರಿಯಾಗಿ ಇಲ್ಲೇ ತೊಂದರೆ ಶುರುವಾಗುವುದು. ಅದೇ ಭಾಗದಿಂದ ಇನ್ನೊಂದು ಬಗೆಯ ನರಗಳು ಹೊರಡುತ್ತವೆ. ರಕ್ತನಾಳಗಳನ್ನು ಬಿಗಿ ಹಿಡಿದಿಡುವುದು ಅವುಗಳ ಕೆಲಸ. ನೋವಿನ ನರಗಳ ಜೊತೆಗೆ ಅವೂ ಮಲಗಿಬಿಡುತ್ತವೆ.

ಅಡಿಕೆ ತೋಟದ ಜೆಟ್ ಲೆಕ್ಕ

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ತೋಟಕ್ಕೆ ಸ್ಪ್ರಿಂಕ್ಲರ್ ಬಿಟ್ಟದ್ದನ್ನು ನೆನಪಿಸಿಕೊಳ್ಳಿ. ಪಂಪು ಒಂದೇ. ನಾಲ್ಕು ಜೆಟ್‌ಗೆ ನೀರು ಬಿಟ್ಟರೆ ಚೆನ್ನಾಗಿ ಹಾರುತ್ತದೆ. ಯಾರೋ ಹೋಗಿ ಎಲ್ಲ ಗೇಟ್ ವಾಲ್ವ್‌ಗಳನ್ನೂ ಒಟ್ಟಿಗೆ ತೆರೆದರೆ? ಪಂಪು ಹಾಳಾಗಿಲ್ಲ, ಬಾವಿಯಲ್ಲಿ ನೀರೂ ಉಂಟು, ಆದರೂ ಒತ್ತಡ ಇಲ್ಲ. ತುದಿಯ ಜೆಟ್ ತಿರುಗುವುದನ್ನೇ ನಿಲ್ಲಿಸುತ್ತದೆ.

ಸ್ಪೈನಲ್ ಆದ ಕೂಡಲೇ ಶರೀರದ ಕೆಳಭಾಗದಲ್ಲಿ ಆಗುವುದು ಇದೇ. ರಕ್ತನಾಳಗಳು ಸಡಿಲಾಗಿ ಅಗಲವಾಗುತ್ತವೆ. ಒಂದು ಹನಿ ರಕ್ತ ಹೊರಗೆ ಹೋಗದೆಯೂ ಬಿಪಿ ಕುಸಿಯುತ್ತದೆ. ತಡೆಯಲು ಏನೂ ಮಾಡದೆ ಬಿಟ್ಟರೆ ಸಿಸೇರಿಯನ್ ಮಾಡಿಸಿಕೊಳ್ಳುವ ನೂರರಲ್ಲಿ 70-80 ಮಂದಿಯಲ್ಲಿ ಹೀಗಾಗಬಹುದು ಅಂತ ಹಲವು ಅಧ್ಯಯನಗಳು ಹೇಳಿವೆ.

ಮಿದುಳಿನ ಬುಡಕ್ಕೆ ಹೋಗುವ ರಕ್ತ ಕಡಿಮೆಯಾದಾಗ ವಾಕರಿಕೆ, ತಲೆ ಸುತ್ತು, ಬೆವರು, ಏನೋ ಆಗುತ್ತಿದೆ ಅನ್ನುವ ತಳಮಳ ಬರುತ್ತವೆ. ತೋಳಿಗೆ ಕಟ್ಟಿದ ಪಟ್ಟಿ ಗಾಳಿ ತುಂಬಿ, ಇಳಿದು, ಅಂಕಿ ತೋರಿಸುವುದಕ್ಕೆ ಅರ್ಧ ನಿಮಿಷವಾದರೂ ಬೇಕು. ಹೊಟ್ಟೆ ತೊಳಸುವುದು ಎಷ್ಟೋ ಸಲ ಅದಕ್ಕಿಂತ ಮೊದಲೇ ಗೊತ್ತಾಗುತ್ತದೆ. ಹಾಗಾಗಿ ತಾಯಿಯ ಬಾಯಿಮಾತು ಕೂಡ ಒಂದು ಮಾನಿಟರ್ ಇದ್ದ ಹಾಗೆ.

ಮಗುವಿಗೆ ಎಂತ ಆಗ್ತದೆ?

ತುಂಬು ತಿಂಗಳಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಎಂಎಲ್‌ನಷ್ಟು ರಕ್ತ ಹರಿಯುತ್ತದೆ. ಮಿದುಳು, ಮೂತ್ರಪಿಂಡಗಳಿಗೆ ಒಂದು ಅನುಕೂಲ ಉಂಟು. ಬಿಪಿ ಸ್ವಲ್ಪ ಏರಿಳಿದರೂ ತಮಗೆ ಬರುವ ರಕ್ತವನ್ನು ಅವು ತಾವೇ ಹೊಂದಿಸಿಕೊಳ್ಳುತ್ತವೆ. ತುಂಬು ಬಸುರಿಯ ಗರ್ಭಕೋಶಕ್ಕೆ ಆ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ತಾಯಿಯ ಬಿಪಿ ಎಷ್ಟೋ ಅಷ್ಟೇ ಮಾಸುವಿಗೆ ಹರಿವು. ತೋಟದ ತುದಿಯ ಜೆಟ್ ಅಂತ ಹೇಳಿದೆನಲ್ಲ, ಅದು ಮಗು.

ಒಂದೆರಡು ನಿಮಿಷ ಇಳಿದು ಕೂಡಲೇ ಸರಿಯಾದರೆ ಆರೋಗ್ಯವಂತ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ತುಂಬಾ ಇಳಿದರೆ, ಇಳಿದೇ ಇದ್ದರೆ, ಮಗುವಿಗೆ ಆಮ್ಲಜನಕ ಕಡಿಮೆಯಾಗಿ ರಕ್ತದಲ್ಲಿ ಆಮ್ಲದ ಅಂಶ ಏರುತ್ತದೆ. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿದರೆ ಇದು ಕಾಣುತ್ತದೆ. ಮೊದಲೇ ಬೆಳವಣಿಗೆ ಕುಂಠಿತವಾದ ಮಗು, ಹೆರಿಗೆ ನೋವಿನಲ್ಲಿ ದಣಿದ ಮಗು ಆದರೆ ಹೆಚ್ಚು ಎಚ್ಚರಿಕೆ ಬೇಕು.

ಬಿದ್ದ ಮೇಲೆ ಎತ್ತುವುದಾ, ಬೀಳದ ಹಾಗೆ ಹಿಡಿಯುವುದಾ?

ನಮ್ಮ ಕೆಲಸದವರಿಗೆ ಇದು ಪರಿಚಿತ ಪ್ರಶ್ನೆ. ಬೆಳಿಗ್ಗೆ 10 ಗಂಟೆಗೆ ತತ್ಕಾಲ್ ಬುಕ್ಕಿಂಗ್ ತೆರೆಯುತ್ತದೆ ಅಂತ ಗೊತ್ತಿರುವಾಗ ಸರ್ವರ್ ಬೀಳುವವರೆಗೆ ಕಾದು, ಅಲರ್ಟ್ ಬಂದ ಮೇಲೆ ಓಡುವವರು ಯಾರು? ಗೊತ್ತಿರುವ ಹೊತ್ತಿಗೆ, ಗೊತ್ತಿರುವ ಹೊರೆ. 9.55ಕ್ಕೇ ತಯಾರಿ ಆಗಿರಬೇಕು.

ಅನೆಸ್ತೇಷಿಯಾದಲ್ಲಿ ಬಹಳ ಕಾಲ ನಡೆದದ್ದು ಅಲರ್ಟ್ ಪದ್ಧತಿ. ಬಿಪಿ 90ಕ್ಕೆ ಬಂತಾ, ಒಂದು ಡೋಸ್ ಮದ್ದು ಕೊಡು. ಪುನಃ ಬಿತ್ತಾ, ಪುನಃ ಕೊಡು. ಈ ಯೋಚನೆ ಈಗ ಬದಲಾಗಿದೆ. 2018ರಲ್ಲಿ ಬೇರೆ ಬೇರೆ ದೇಶಗಳ ತಜ್ಞರು ಸೇರಿ 'ಅನೆಸ್ತೇಷಿಯಾ' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಒಮ್ಮತದ ಹೇಳಿಕೆ ಪ್ರಕಟಿಸಿದರು. ಅದರ ತಿರುಳು ಇಷ್ಟು: ಬಿಪಿ ಬೀಳಲಿ ಅಂತ ಕಾಯಬೇಡಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಕೂಡಲೇ ಮದ್ದು ಶುರು ಮಾಡಿ.

ಗುರಿ ಎಷ್ಟು ಅಂತಲೂ ಹೇಳಿದ್ದಾರೆ. ಮೇಲಿನ ಅಂಕಿ, ಅಂದರೆ ಸಿಸ್ಟೋಲಿಕ್ ಬಿಪಿ, ಆ ತಾಯಿಯ ಮೊದಲಿನ ಬಿಪಿಯ ಶೇ. 90ಕ್ಕಿಂತ ಕೆಳಗೆ ಹೋಗದ ಹಾಗೆ ನೋಡಿಕೊಳ್ಳಬೇಕು. ಶೇ. 80ಕ್ಕಿಂತ ಕೆಳಗೆ ಹೋಗುವುದನ್ನು ತಪ್ಪಿಸಬೇಕು, ಹೋದರೆ ಕೂಡಲೇ ಮೇಲೆತ್ತಬೇಕು.

'ಮೊದಲಿನ ಬಿಪಿ' ಅನ್ನುವುದನ್ನು ಗಮನಿಸಿ. ಮಾನಿಟರಿನಲ್ಲಿ 110 ಅಂತ ಕಾಣುತ್ತಿದೆ ಅಂತ ಇಟ್ಟುಕೊಳ್ಳಿ. ಮೊದಲು 120 ಇದ್ದವಳಿಗೆ ಅದು ಶೇ. 92ರಷ್ಟು, ತೊಂದರೆ ಇಲ್ಲ. ಮೊದಲು 140 ಇದ್ದವಳಿಗೆ ಅದೇ 110 ಅಂದರೆ ಶೇ. 79. ಒಂದೇ ಅಂಕಿ, ಒಬ್ಬಳಿಗೆ ಸರಿ, ಇನ್ನೊಬ್ಬಳಿಗೆ ಕಡಿಮೆ. ನಿಮ್ಮ ತಾಯಿ ಕಾರ್ಡ್‌ನಲ್ಲಿ ಪ್ರತಿ ತಿಂಗಳು ಬರೆಸಿಕೊಂಡ ಬಿಪಿ ಅಂಕಿಗಳಿಗೆ ಇಲ್ಲಿ ಬೆಲೆ ಉಂಟು. ಥಿಯೇಟರಿಗೆ ಹೋಗುವಾಗ ಗಾಬರಿಯಲ್ಲಿ ಬಿಪಿ ಏರಿರುತ್ತದೆ, ನಿಮ್ಮ ದಿನನಿತ್ಯದ ಬಿಪಿ ಎಷ್ಟು ಅಂತ ಹೇಳುವುದು ಆ ಕಾರ್ಡ್.

ಗ್ಲೂಕೋಸ್ ಬಾಟಲಿ: ಮೊದಲೋ, ಜೊತೆಗೋ?

ನಾವು ಎಲ್ಲವನ್ನೂ 'ಗ್ಲೂಕೋಸ್' ಅಂತೇವೆ. ಥಿಯೇಟರಿನಲ್ಲಿ ಹಾಕುವುದು ಸಾಮಾನ್ಯವಾಗಿ ರಿಂಗರ್ ಲ್ಯಾಕ್ಟೇಟ್, ಉಪ್ಪಿನಂಶದ ದ್ರಾವಣ. ಮೊದಲೆಲ್ಲ ಸ್ಪೈನಲ್ ಕೊಡುವ ಮುಂಚೆ ಒಂದು ಲೀಟರ್ ಹಾಕಿಯೇ ಮುಂದುವರಿಯುವ ರೂಢಿ ಇತ್ತು. ಬಾವಿ ತುಂಬಿಸಿಟ್ಟು ವಾಲ್ವ್ ತೆರೆಯುವ ಯೋಚನೆ. ಆದರೆ ಈ ದ್ರಾವಣ ರಕ್ತನಾಳದಲ್ಲಿ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬಹುಪಾಲು ಅಂಗಾಂಶಗಳಿಗೆ ಸೋರಿಹೋಗುತ್ತದೆ. ಮೊದಲೇ ಹಾಕುವುದರಿಂದ ದೊಡ್ಡ ಪ್ರಯೋಜನ ಇಲ್ಲ ಅಂತ 1990ರ ದಶಕದ ಅಧ್ಯಯನಗಳಲ್ಲಿ ಗೊತ್ತಾಯಿತು. ಈಗ ಇಂಜೆಕ್ಷನ್ ಕೊಡುವ ಹೊತ್ತಿಗೇ ಬಾಟಲಿಯನ್ನು ವೇಗವಾಗಿ ಬಿಡುತ್ತಾರೆ. ಬೇಕಾದ ಹೊತ್ತಿಗೆ ಬೇಕಾದ ಕಡೆ ಇರುತ್ತದೆ.

ದ್ರಾವಣ ಅಂದ ಕೂಡಲೇ ಬಳ್ಳಾರಿ ನೆನಪಾಗುವುದು ಸಹಜ. 2024ರ ನವೆಂಬರ್‌ನಲ್ಲಿ ಅಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಅನುಮಾನ ಬಂದದ್ದು ರಿಂಗರ್ ಲ್ಯಾಕ್ಟೇಟ್ ಮೇಲೆ. ರಾಜ್ಯ ಸರ್ಕಾರ ಆ ಪೂರೈಕೆದಾರರ ದ್ರಾವಣದ ಬಳಕೆಯನ್ನು ತಡೆಹಿಡಿಯಿತು. ಅದು ಬಿಪಿ ಬೀಳುವ ಕತೆ ಅಲ್ಲ, ದ್ರಾವಣದ ಗುಣಮಟ್ಟದ ಕತೆ. ಆದರೂ ಹೇಳಬೇಕಾದ್ದೇ. ದ್ರಾವಣ ಶುದ್ಧವಾಗಿದೆ ಅನ್ನುವ ನಂಬಿಕೆ ಇಲ್ಲದಿದ್ದರೆ ಉಳಿದ ಲೆಕ್ಕಾಚಾರಕ್ಕೆ ಅರ್ಥವೇ ಇಲ್ಲ.

ವಾಲ್ವ್ ಬಿಗಿ ಮಾಡುವ ಮದ್ದು, ಪಂಪು ಓಡಿಸುವ ಮದ್ದು

ಬರೀ ದ್ರಾವಣದಿಂದ ಬಿಪಿ ನಿಲ್ಲುವುದಿಲ್ಲ. ಪುನಃ ತೋಟಕ್ಕೆ ಬನ್ನಿ. ಒತ್ತಡ ಬೇಕಾದರೆ ಎರಡು ದಾರಿ. ಪಂಪನ್ನು ಜೋರು ಓಡಿಸುವುದು, ಇಲ್ಲವೇ ತೆರೆದ ವಾಲ್ವ್‌ಗಳನ್ನು ತಿರುಗಿಸಿ ಬಿಗಿ ಮಾಡುವುದು.

ಎಫೆಡ್ರಿನ್ ಹೆಚ್ಚಾಗಿ ಪಂಪು ಓಡಿಸುವ ಮದ್ದು. ಹೃದಯದ ಬಡಿತ ಹೆಚ್ಚಿಸುತ್ತದೆ. ನಮ್ಮ ದೇಶದ ಥಿಯೇಟರುಗಳಲ್ಲಿ ಬಹುಕಾಲದಿಂದ ಕೈಗೆ ಸಿಗುವ ಮೆಫೆಂಟರ್ಮಿನ್ ಕೂಡ ಹೆಚ್ಚುಕಡಿಮೆ ಅದೇ ಜಾತಿ. ಎಫೆಡ್ರಿನ್ ಮಾಸುವನ್ನು ದಾಟಿ ಮಗುವಿಗೂ ತಲುಪುತ್ತದೆ, ಹೆಚ್ಚು ಕೊಟ್ಟರೆ ಮಗುವಿನ ರಕ್ತದಲ್ಲಿ ಆಮ್ಲ ಹೆಚ್ಚಿಸುತ್ತದೆ ಅಂತ ಗೊತ್ತಾದ ಮೇಲೆ ಅದು ಹಿಂದೆ ಸರಿಯಿತು.

ಫಿನೈಲೆಫ್ರಿನ್ ವಾಲ್ವ್ ಬಿಗಿ ಮಾಡುವ ಮದ್ದು. ಸಡಿಲಾದ ರಕ್ತನಾಳಗಳನ್ನು ಪುನಃ ಬಿಗಿಗೊಳಿಸುತ್ತದೆ. ಅಂದರೆ ಸ್ಪೈನಲ್ ಏನನ್ನು ಕೆಡಿಸಿತೋ ಅದನ್ನೇ ರಿಪೇರಿ ಮಾಡುತ್ತದೆ. 2018ರ ಹೇಳಿಕೆ ಇದನ್ನೇ ಮೊದಲ ಆಯ್ಕೆ ಅಂತ ಹೇಳಿ, ಸಿರಿಂಜ್ ಪಂಪಿನಲ್ಲಿ ನಿಮಿಷಕ್ಕೆ 25ರಿಂದ 50 ಮೈಕ್ರೋಗ್ರಾಂ ವೇಗದಲ್ಲಿ ಶುರು ಮಾಡಿ, ಬಿಪಿ ನೋಡಿಕೊಂಡು ಹೆಚ್ಚು ಕಡಿಮೆ ಮಾಡಿ ಅನ್ನುತ್ತದೆ. ಇದಕ್ಕೂ ಒಂದು ಗುಣ ಉಂಟು: ಬಿಪಿ ಏರಿದಾಗ ಹೃದಯ ತಾನಾಗಿ ನಿಧಾನವಾಗುತ್ತದೆ. ನಾಡಿ ತೀರಾ ಇಳಿದರೆ ಡಾಕ್ಟರ್ ಮದ್ದು ನಿಲ್ಲಿಸಿ ಬೇರೆ ದಾರಿ ಹಿಡಿಯುತ್ತಾರೆ. ಈ ತೊಂದರೆ ಕಡಿಮೆ ಮಾಡಲು ನಾರ್‌ಅಡ್ರಿನಲಿನ್ ಎಂಬ ಮದ್ದನ್ನು ತೀರಾ ತೆಳು ಮಾಡಿ ಬಳಸುವ ಪ್ರಯತ್ನ 2015ರಿಂದೀಚೆಗೆ ಬೆಳೆದಿದೆ.

ಹಾಗಂತ ನಿಮ್ಮ ಡಾಕ್ಟರ್ ಮೆಫೆಂಟರ್ಮಿನ್ ಕೊಟ್ಟರೆ ಗಾಬರಿ ಬೇಡ. ಆರೋಗ್ಯವಂತ ತಾಯಿ, ಆರೋಗ್ಯವಂತ ಮಗು ಆದರೆ ಈ ವ್ಯತ್ಯಾಸ ಹೆಚ್ಚಾಗಿ ಲ್ಯಾಬಿನ ಅಂಕಿಗಳಲ್ಲಿ ಮಾತ್ರ ಕಾಣುತ್ತದೆ. ಬಿಪಿ ಬಿದ್ದೇ ಇರುವುದಕ್ಕಿಂತ ಯಾವ ಮದ್ದಾದರೂ ಮೇಲು.

ಫಿನೈಲೆಫ್ರಿನ್ ವಿಷಯದಲ್ಲಿ ನನಗೆ ಬೆವರು ಬರಿಸಿದ್ದು ಯೂನಿಟ್ ಲೆಕ್ಕ. ಇಲ್ಲಿ ಸಾಮಾನ್ಯವಾಗಿ ಸಿಗುವ ಆಂಪ್ಯೂಲ್‌ನಲ್ಲಿ 10 ಮಿಲಿಗ್ರಾಂ ಇರುತ್ತದೆ. ಒಂದು ಸಲಕ್ಕೆ ಬೇಕಾದ್ದು 50ರಿಂದ 100 ಮೈಕ್ರೋಗ್ರಾಂ. ಅಂದರೆ ಆಂಪ್ಯೂಲ್‌ನ ನೂರು ಇನ್ನೂರರಲ್ಲಿ ಒಂದು ಪಾಲು. 100 ಎಂಎಲ್ ಸಲೈನಿಗೆ ಸೇರಿಸಿ ತೆಳು ಮಾಡಿ, ಚೀಟಿ ಅಂಟಿಸಿ ಇಟ್ಟುಕೊಳ್ಳಬೇಕು. ಇಲ್ಲಿ ಒಂದು ಸೊನ್ನೆ ತಪ್ಪಿದರೆ ಬಿಪಿ ಆಕಾಶಕ್ಕೆ. ಮೊದಲೇ ತೆಳು ಮಾಡಿ ತುಂಬಿಸಿದ ಸಿರಿಂಜ್ ಸಿಗುವ ಕಡೆ ಈ ಅಪಾಯ ಕಡಿಮೆ. ನಮ್ಮ ಕೆಲಸದಲ್ಲಿ ಯೂನಿಟ್ ತಪ್ಪಿದರೆ ಬಗ್ ಬರುತ್ತದೆ, ಅವರ ಕೆಲಸದಲ್ಲಿ ರಿವರ್ಟ್ ಬಟನ್ ಇಲ್ಲ.

ಎಡಕ್ಕೆ ಸ್ವಲ್ಪ ವಾಲಿಸಿ

ಏಳನೇ ತಿಂಗಳ ಮೇಲೆ "ಅಂಗಾತ ಮಲಗ್ಬೇಡ, ಎಡಕ್ಕೆ ತಿರುಗಿ ಮಲಗು" ಅಂತ ಅಮ್ಮಂದಿರು ಹೇಳುವುದುಂಟಲ್ಲ, ಅದರ ಹಿಂದಿನ ಕಾರಣ ಇಲ್ಲೂ ಕೆಲಸ ಮಾಡುತ್ತದೆ. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ಬೆನ್ನುಮೂಳೆಯ ಪಕ್ಕದ ದೊಡ್ಡ ರಕ್ತನಾಳವನ್ನು ಒತ್ತುತ್ತದೆ, ಕಾಲಿನಿಂದ ಹೃದಯಕ್ಕೆ ವಾಪಸು ಬರುವ ರಕ್ತ ಕಡಿಮೆಯಾಗುತ್ತದೆ. ಅದಕ್ಕೇ ಆಪರೇಷನ್ ಟೇಬಲ್ಲನ್ನು ಎಡಕ್ಕೆ ಸುಮಾರು 15 ಡಿಗ್ರಿ ವಾಲಿಸುತ್ತಾರೆ, ಇಲ್ಲವೇ ಬಲ ಸೊಂಟದ ಕೆಳಗೆ ಬಟ್ಟೆಯ ಸುರುಳಿ ಇಡುತ್ತಾರೆ. "ಬೀಳ್ತೇನಾ ಎಂತ" ಅಂತ ಅನಿಸಿದರೂ ಹೆದರಬೇಡಿ, ಬೇಕಂತಲೇ ಮಾಡಿದ್ದು.

2017ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದ್ರಾವಣ ಮತ್ತು ಫಿನೈಲೆಫ್ರಿನ್‌ನಿಂದ ಬಿಪಿಯನ್ನು ಸರಿಯಾಗಿ ಹಿಡಿದಿಟ್ಟರೆ ಟೇಬಲ್ ವಾಲಿಸಿದರೂ ವಾಲಿಸದಿದ್ದರೂ ಮಗುವಿನ ರಕ್ತದ ಆಮ್ಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ವಾಲಿಸದವರಿಗೆ ಮದ್ದು ಹೆಚ್ಚು ಬೇಕಾಯಿತು. ಖರ್ಚಿಲ್ಲದ ಉಪಾಯ, ಬಿಡುವುದೇಕೆ?

ಕಾಲಿಗೆ ಬಿಗಿಯಾಗಿ ಬ್ಯಾಂಡೇಜ್ ಸುತ್ತುವುದು, ವಾಂತಿಗೆ ಕೊಡುವ ಒಂಡನ್ಸೆಟ್ರಾನ್ ಮೊದಲೇ ಕೊಡುವುದು, ಇವೂ ಸ್ವಲ್ಪ ಸಹಾಯ ಮಾಡುತ್ತವೆ. ಈ ಎಲ್ಲ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ 2017ರ ಕಾಕ್ರೇನ್ ವಿಮರ್ಶೆಯ ತೀರ್ಮಾನ, ಯಾವುದೇ ಒಂದು ಉಪಾಯದಿಂದ ಪೂರ್ತಿ ತಡೆಯಲು ಆಗುವುದಿಲ್ಲ ಅಂತ. ದ್ರಾವಣ, ಮದ್ದು, ವಾಲಿಸುವುದು ಎಲ್ಲ ಸೇರಬೇಕು.

ಅಕ್ಕ ಕೇಳಿದ ಪ್ರಶ್ನೆ

ಅಕ್ಕನ ಮೊದಲ ಸಿಸೇರಿಯನ್‌ನಲ್ಲಿ ಬಿಪಿ ಬಿದ್ದು ತುಂಬಾ ಸಂಕಟ ಆಗಿತ್ತು. ಮಗು ಕೈಗೆ ಬಂದಾಗ ಮುಖ ನೋಡುವಷ್ಟೂ ತ್ರಾಣ ಇರಲಿಲ್ಲ ಅಂತ ಈಗಲೂ ಹೇಳುತ್ತಾಳೆ. ಎರಡನೆಯದಕ್ಕೆ ಎಂಟು ತಿಂಗಳಾದಾಗ, "ಈ ಸಲ ಪೂರ್ತಿ ಮಂಪರು ಕೊಡ್ಲಿ, ಬೆನ್ನಿಗೆ ಬೇಡವೇ ಬೇಡ" ಅಂತ ಹಟ ಹಿಡಿದಳು. ಅಮ್ಮ, ಭಾವ ಎಲ್ಲರೂ "ಡಾಕ್ಟ್ರಿಗೆ ಗೊತ್ತುಂಟು, ನೀನು ಸುಮ್ಮನಿರು" ಅಂದರು. ಸುಮ್ಮನಿದ್ದರೆ ಹೆದರಿಕೆ ಹೋಗುತ್ತದಾ?

ಅನೆಸ್ತೇಷಿಯಾ ತಪಾಸಣೆಗೆ ನಾನೂ ಜೊತೆಗೆ ಹೋಗಿದ್ದೆ. ಅಕ್ಕ ಮೊದಲ ಸಲದ್ದನ್ನೆಲ್ಲ ಹೇಳಿದಳು. ಕೊನೆಗೆ, "ಬಿಪಿ ಬೀಳದ ಹಾಗೆ ಈ ಸಲ ಎಂತ ಮಾಡ್ತೀರಿ ಮೇಡಂ?" ಅಂತ ಕೇಳಿಯೇಬಿಟ್ಟಳು.

ಡಾಕ್ಟರ್ ಬೇಸರ ಮಾಡಿಕೊಳ್ಳಲಿಲ್ಲ. ಪೆನ್ನು ತೆಗೆದು ಬರೆದುಕೊಂಡರು. "ಇಂಜೆಕ್ಷನ್ ಕೊಟ್ಟ ಕೂಡಲೇ ಇನ್ನೊಂದು ಕೈಯಲ್ಲಿ ಪಂಪ್ ಶುರು ಮಾಡ್ತೇನೆ. ಮಗು ಹೊರಗೆ ಬರುವವರೆಗೆ ನಿಮಿಷ ನಿಮಿಷಕ್ಕೆ ಬಿಪಿ ನೋಡ್ತೇನೆ. ನಿಮ್ಮದೊಂದು ಕೆಲಸ ಉಂಟು. ಹೊಟ್ಟೆ ತೊಳಸಿದ ಹಾಗೆ ಆದ್ರೆ ತಡಕೊಂಡು ಮಲಗ್ಬೇಡಿ, ಕೂಡಲೇ ಹೇಳಿ" ಅಂದರು.

ಆ ದಿನ ಒಮ್ಮೆ ಮಾತ್ರ ಸ್ವಲ್ಪ ತಲೆ ಭಾರ ಅನಿಸಿತಂತೆ. ಹೇಳಿದಳು, ಅವರು ಪಂಪಿನ ವೇಗ ಬದಲಿಸಿದರು, ಹೋಯಿತು. ಮಗಳು ಅತ್ತದ್ದು ಕೇಳಿದಳು, ಕೆನ್ನೆಗೆ ತಾಗಿಸಿದ್ದು ನೆನಪಿದೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಒಬ್ಬಳ ಅನುಭವದಿಂದ ಹೇಳಲಾಗದು. ಆದರೆ ಕೇಳಿದ್ದರಿಂದ ಹಿಂದಿನ ಸಲದ ಮಾಹಿತಿ ಅದು ಬೇಕಾದವರಿಗೆ ತಲುಪಿತು.

ಮಷೀನೇ ನೋಡಿಕೊಂಡರೆ?

ಬಿಪಿ ಅಳೆ, ಕಡಿಮೆ ಇದ್ದರೆ ಮದ್ದು ಬಿಡು, ಸರಿಯಾದರೆ ನಿಲ್ಲಿಸು. ಇದು ಇಫ್-ಎಲ್ಸ್ ಅಲ್ವಾ ಅಂತ ನಮ್ಮಂಥವರ ತಲೆಗೆ ಹೊಳೆಯದೆ ಇರುವುದಿಲ್ಲ. ಮಾಡಿದ್ದಾರೆ ಕೂಡ. ಹಾಂಕಾಂಗ್‌ನ ಚೈನೀಸ್ ವಿಶ್ವವಿದ್ಯಾಲಯದ ಡಾ. ವಾರ್ವಿಕ್ ನ್ಗಾನ್ ಕೀ ಅವರ ತಂಡ ಕಂಪ್ಯೂಟರೇ ಫಿನೈಲೆಫ್ರಿನ್ ಪಂಪನ್ನು ನಡೆಸುವ ವ್ಯವಸ್ಥೆಯ ಬಗ್ಗೆ 2007ರಲ್ಲೇ ಪ್ರಕಟಿಸಿತು. ತರ್ಕ ತೀರಾ ಸರಳವಾಗಿತ್ತು: ಬಿಪಿ ಮೊದಲಿನ ಮಟ್ಟಕ್ಕಿಂತ ಮೇಲಿದ್ದರೆ ಪಂಪು ಬಂದ್, ಇಲ್ಲವಾದರೆ ಚಾಲೂ. ಸಿಂಗಪುರದ ಕೆಕೆ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಯವರು ಒಂದು ಹೆಜ್ಜೆ ಮುಂದೆ ಹೋಗಿ ಎರಡು ಮದ್ದಿನ ಪಂಪು ಮಾಡಿದರು. ಬಿಪಿ ಜೊತೆ ನಾಡಿಯನ್ನೂ ನೋಡಿ, ನಾಡಿ ನಿಧಾನವಾಗಿದ್ದರೆ ಎಫೆಡ್ರಿನ್, ಇಲ್ಲವಾದರೆ ಫಿನೈಲೆಫ್ರಿನ್ ಬಿಡುತ್ತದೆ.

ಓದಿ ಖುಷಿಯಾಯಿತು, ಆದರೆ ಮಿತಿಯೂ ಕಂಡಿತು. ಬಿಪಿ ಬಿದ್ದದ್ದು ಸ್ಪೈನಲ್‌ನಿಂದಲೋ, ರಕ್ತ ಹೋಗುತ್ತಿರುವುದರಿಂದಲೋ ಅಂತ ಪಂಪಿಗೆ ತಿಳಿಯದು. ಮಗು ಬಂದ ಮೇಲೆ ಗರ್ಭಕೋಶ ಬಿಗಿಯಾಗಲು ಕೊಡುವ ಆಕ್ಸಿಟೋಸಿನ್ ವೇಗವಾಗಿ ಹೋದರೂ ಬಿಪಿ ಇಳಿಯುತ್ತದೆ. ಅಂಕಿ ಒಂದೇ, ಕಾರಣ ಮೂರು, ಚಿಕಿತ್ಸೆ ಬೇರೆ ಬೇರೆ. ತಲೆಯ ಹತ್ತಿರ ಕೂತು ಮುಖ ನೋಡುವ, ಮಾತಾಡಿಸುವ ಮನುಷ್ಯ ಬೇಕೇ ಬೇಕು.

ಎಲ್ಲ ಊರೂ ಮಣಿಪಾಲ ಅಲ್ಲ

ಪರ್ಕಳದಿಂದ ಇಳಿದರೆ ಮಣಿಪಾಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಶುರು ಮಾಡಿದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಇರುವ ಊರು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ಹೆಸರಿನ ತಾಯಿ-ಮಕ್ಕಳ ಆಸ್ಪತ್ರೆ ಉಂಟು. ಹತ್ತು ಹದಿನೈದು ನಿಮಿಷದ ದಾರಿಯಲ್ಲಿ ಅನೆಸ್ತೇಷಿಯಾ ತಜ್ಞರು ಸಿಗುವುದು ನಮಗೆ ಮಾಮೂಲಿ ಅನಿಸಿಬಿಟ್ಟಿದೆ. ದೇಶದ ಎಷ್ಟೋ ತಾಲೂಕುಗಳಲ್ಲಿ ಅದು ಮಾಮೂಲಿ ಅಲ್ಲ. ತಜ್ಞರು ಸಾಲದ ಕಾರಣಕ್ಕೇ ಎಂಬಿಬಿಎಸ್ ಡಾಕ್ಟರುಗಳಿಗೆ ಕೆಲವು ತಿಂಗಳ ಜೀವರಕ್ಷಕ ಅನೆಸ್ತೇಷಿಯಾ ತರಬೇತಿ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ ಮಾಡಬೇಕಾಯಿತು.

ಒಳ್ಳೆಯ ಸುದ್ದಿ ಏನೆಂದರೆ, ಈ ಲೇಖನದಲ್ಲಿ ಹೇಳಿದ ಉಪಾಯಗಳಲ್ಲಿ ಹೆಚ್ಚಿನವು ದುಬಾರಿ ಅಲ್ಲ. ಬಟ್ಟೆಯ ಸುರುಳಿ, ಹೊತ್ತಿಗೆ ಸರಿಯಾಗಿ ಬಿಟ್ಟ ದ್ರಾವಣ, ಸರಿಯಾಗಿ ತೆಳು ಮಾಡಿ ಚೀಟಿ ಅಂಟಿಸಿದ ಒಂದು ಸಿರಿಂಜ್, ನಿಮಿಷಕ್ಕೊಮ್ಮೆ ಅಳೆಯುವ ಬಿಪಿ ಯಂತ್ರ. ಪಂಪ್ ಇಲ್ಲದ ಕಡೆ ಸಣ್ಣ ಸಣ್ಣ ಡೋಸ್‌ಗಳಲ್ಲಿ ಕೈಯಿಂದಲೇ ಕೊಡುತ್ತಾರೆ. ಮುಖ್ಯವಾದದ್ದು, ಬೀಳುವ ಮೊದಲೇ ಶುರು ಮಾಡುವುದು.

ನೀವು ಮಾಡಬಹುದಾದ್ದು

ತಪಾಸಣೆಯ ದಿನ:

• ಹಿಂದಿನ ಆಪರೇಷನ್‌ನಲ್ಲಿ ಆದ ತೊಂದರೆ, ಅಲರ್ಜಿ, ಹೃದಯದ ಸಮಸ್ಯೆ, ಬಿಪಿ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ಎಲ್ಲವನ್ನೂ ಹೇಳಿ. ಸಣ್ಣದು ಅಂತ ಬಿಡಬೇಡಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಬೆನ್ನಿಗೆ ಇಂಜೆಕ್ಷನ್ ಕೊಡಬಹುದಾ ಅನ್ನುವುದೇ ಬೇರೆ ಲೆಕ್ಕ.

• ತಾಯಿ ಕಾರ್ಡ್ ಒಯ್ಯಿರಿ. ಅದರ ಬಿಪಿ ಪುಟದ ಫೋಟೋ ಮೊಬೈಲಿನಲ್ಲೂ ಇರಲಿ.

• "ಬಿಪಿ ಬೀಳದ ಹಾಗೆ ಎಂತ ಮಾಡ್ತೀರಿ?" ಅಂತ ಕೇಳಿ. ಕೇಳುವುದು ಅಧಿಕಪ್ರಸಂಗ ಅಲ್ಲ.

ಹಿಂದಿನ ರಾತ್ರಿ:

• ಊಟ ಎಷ್ಟು ಹೊತ್ತಿಗೆ ನಿಲ್ಲಿಸಬೇಕು, ನೀರು ಎಷ್ಟು ಹೊತ್ತಿನವರೆಗೆ ಕುಡಿಯಬಹುದು ಅಂತ ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಿ. ತುರ್ತು ಇಲ್ಲದ ಸಿಸೇರಿಯನ್‌ಗೆ ಸಾಮಾನ್ಯವಾಗಿ ಲಘು ಆಹಾರ ಆರು ಗಂಟೆ ಮೊದಲು, ಬರೀ ನೀರು ಎರಡು ಗಂಟೆ ಮೊದಲಿನವರೆಗೆ. ನಿಮ್ಮ ಆಸ್ಪತ್ರೆ ಹೇಳಿದ್ದನ್ನೇ ಪಾಲಿಸಿ.

• "ಪಾಪ, ಹಸಿವೆ ಆಗಿರಬಹುದು" ಅಂತ ಅತ್ತೆಯೋ ದೊಡ್ಡಮ್ಮನೋ ಗುಟ್ಟಾಗಿ ಗಂಜಿ ಕುಡಿಸಲು ಬಂದರೆ ತಡೆಯಿರಿ. ಗಂಜಿ ತಿಳಿ ಅಂದರೂ ಅದು ನೀರಿನ ಲೆಕ್ಕಕ್ಕೆ ಬರುವುದಿಲ್ಲ.

ಟೇಬಲ್ ಮೇಲೆ:

• ವಾಕರಿಕೆ, ತಲೆ ಸುತ್ತು, ಬೆವರು, ಕಿವಿಯಲ್ಲಿ ಗುಂಯ್ ಅನ್ನುವುದು, ಉಸಿರು ಭಾರ, ಯಾವುದಾದರೂ ಸರಿ, ಶುರುವಾದ ಕೂಡಲೇ ಹೇಳಿ. ಕಾಲು ಭಾರವಾಗುವುದು, ಬಿಸಿಯಾಗುವುದು ಮಾತ್ರ ಮದ್ದು ಕೆಲಸ ಮಾಡುವ ಲಕ್ಷಣ, ಹೆದರಬೇಡಿ.

ವಾರ್ಡಿಗೆ ಬಂದ ಮೇಲೆ:

• ಮೊದಲ ಸಲ ಏಳುವಾಗ ನರ್ಸ್ ಜೊತೆಗಿರಲಿ. ಮಂಚದ ಅಂಚಿನಲ್ಲಿ ಸ್ವಲ್ಪ ಕೂತು ಆಮೇಲೆ ನಿಲ್ಲಿ.

• ಗಂಟೆಗಳ ನಂತರ ತಲೆ ಸುತ್ತು, ವಿಪರೀತ ಬಾಯಾರಿಕೆ, ಮುಖ ಬಿಳಿಚುವುದು, ಬಟ್ಟೆ ಬೇಗ ಬೇಗ ಒದ್ದೆಯಾಗುವುದು ಕಂಡರೆ "ಇಂಜೆಕ್ಷನ್ ಇಳೀತಾ ಉಂಟು" ಅಂತ ಸುಮ್ಮನಿರಬೇಡಿ. ಅದು ರಕ್ತಸ್ರಾವ ಇರಬಹುದು. ಕೂಡಲೇ ಕರೆಯಿರಿ.

ಈ ಪಟ್ಟಿಯನ್ನು ಹೆರಿಗೆ ಹತ್ತಿರ ಇರುವ ಅಕ್ಕ, ತಂಗಿ, ಅತ್ತಿಗೆ, ಆಫೀಸಿನ ಗೆಳತಿ ಯಾರಿದ್ದರೂ ಕಳಿಸಿ. ಗಂಡಂದಿರಿಗೆ ತಪ್ಪ��ೆ ಕಳಿಸಿ. ತಪಾಸಣೆಯ ದಿನ ಬೈಕ್ ಪಾರ್ಕ್ ಮಾಡಿ ಹೊರಗೆ ಮೊಬೈಲ್ ನೋಡುತ್ತಾ ಕೂರುವ ಬದಲು ಒಳಗೆ ಹೋಗಿ ಪಕ್ಕದಲ್ಲಿ ಕೂರಿ, ಅವಳು ಮರೆತದ್ದನ್ನು ನೀವು ಕೇಳಿ.